ನೆಲ್ಲಿಕಾಯಿ ಲೆಕ್ಕ ಇಡುತ್ತಿದ್ದವರ ಕೂಟ

ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ನೆಲ್ಲಿಕಾಯಿ, ಜೇನು, ಮರಪಾಚಿ ತಂದು ಮಾರುವಂತಿಲ್ಲ ಎಂಬ ನಿಷೇಧ ಬಂದಾಗ ಚರ್ಚೆಯೆಲ್ಲ ಅಲ್ಲಿನ ಆದಿವಾಸಿಗಳಾದ ಸೋಲಿಗರ ಹೊಟ್ಟೆಪಾಡಿನ ಸುತ್ತ ನಡೆಯಿತು. ನಡೆಯಬೇಕಾದದ್ದೂ ಹಾಗೆಯೇ. ಆದರೆ ಆ ನಿಷೇಧದ ಜೊತೆಜೊತೆಗೇ ಇನ್ನೊಂದು ಬಾಗಿಲೂ ಮುಚ್ಚಿತು. ಅದಕ್ಕೆ ಬೋರ್ಡು ಇರಲಿಲ್ಲ, ಕಟ್ಟಡ ಇರಲಿಲ್ಲ, ಹಾಗಾಗಿ ಮುಚ್ಚಿದ್ದು ಹೆಚ್ಚು ಜನರ ಕಣ್ಣಿಗೆ ಬೀಳಲೂ ಇಲ್ಲ. ಸಂಶೋಧಕರೂ ಕಾಡಿನ ಮಕ್ಕಳೂ ಒಟ್ಟಿಗೆ ಕೂತು, ಈ ವರ್ಷ ಮರದಲ್ಲಿ ಎಷ್ಟು ಕಾಯಿ ಬಿಟ್ಟಿದೆ, ಎಷ್ಟು ಕಿತ್ತೆವು, ಎಷ್ಟು ಸಸಿ ಎದ್ದಿದೆ ಎಂದು ಹಂಗಾಮಿಗೊಮ್ಮೆ ಲೆಕ್ಕ ನೋಡುತ್ತಿದ್ದ ಕೂಟ ಅದು.

ವಿಜ್ಞಾನ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಕೋಟು, ಗಾಜಿನ ಕೊಳವೆ, ಬೆಂಗಳೂರಿನ ದೊಡ್ಡ ಸಂಸ್ಥೆಯ ಗೇಟು. ನಾನು ಅರ್ಥಮಾಡಿಕೊಂಡ ಮಟ್ಟಿಗೆ ವಿಜ್ಞಾನದ ಬಹುಪಾಲು ನಡೆಯುವುದು ಮಾತುಕತೆಯಲ್ಲಿ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬೇಕು, ಕೇಳಿದವರು ‘ಹೌದಾ, ನಮ್ಮ ಕಡೆ ಹಾಗಿಲ್ಲವಲ್ಲ’ ಎನ್ನಬೇಕು, ಆಮೇಲೆ ಇಬ್ಬರೂ ಹೋಗಿ ನೋಡಬೇಕು. ಹೀಗೆ ಹೇಳಿ ಕೇಳುವ ಜಾಗ ವರ್ಷಗಟ್ಟಲೆ ತೆರೆದಿದ್ದರೆ ಮಾತ್ರ ಕೆಲವು ಪ್ರಶ್ನೆಗಳು ಹುಟ್ಟುತ್ತವೆ. ಜಾಗ ಮುಚ್ಚಿದ ದಿನ ಆ ಪ್ರಶ್ನೆಗಳೂ ಅನಾಥವಾಗುತ್ತವೆ. ನಮ್ಮ ಬೆಟ್ಟದಲ್ಲಿ ನಡೆದದ್ದನ್ನು ಇದೇ ದೃಷ್ಟಿಯಿಂದ ನೋಡಬೇಕು ಎಂಬುದು ಈ ಬರಹದ ಉದ್ದೇಶ.

ಕೂಟ ಕಟ್ಟಿದ್ದು ಹೇಗೆ ಎಂಬುದನ್ನು ಮೊದಲು ಹೇಳುತ್ತೇನೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು, ಕಾಡೊಳಗೆ ಚದುರಿದ್ದವರು ಪೋಡು ಎಂಬ ಹಾಡಿಗಳಲ್ಲಿ ನೆಲೆಯೂರಬೇಕಾಯಿತು. ಬೇಸಾಯ ಕೈಬಿಟ್ಟ ಮೇಲೆ ಉಳಿದದ್ದು ಕೂಲಿ ಮತ್ತು ಕಾಡಿನ ಕಿರು ಉತ್ಪನ್ನ. ನೆಲ್ಲಿ, ಜೇನು, ಸೀಗೆ, ಅಂಟುವಾಳ, ಅಳಲೆ, ಪಾಚಿ ಎಲ್ಲವೂ ಗಿರಿಜನರ ‘ಲ್ಯಾಂಪ್ಸ್’ ಸಹಕಾರ ಸಂಘದ ಮೂಲಕ ಮಾರಾಟವಾಗುತ್ತಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆಗಳ ಜೊತೆ ಈ ಬದುಕಿನ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. 1990ರ ದಶಕದಲ್ಲಿ ಅಲ್ಲಿಗೆ ಸಸ್ಯವಿಜ್ಞಾನಿಗಳು ಬಂದರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿದ್ದ ಕಮಲ್‌ಜಿತ್ ಬಾವಾ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಕೆ.ಎನ್. ಗಣೇಶಯ್ಯ, ಅವರ ಜೊತೆಗಾರರು. ಕನ್ನಡದ ಓದುಗರಿಗೆ ಗಣೇಶಯ್ಯನವರು ಕಾದಂಬರಿಕಾರರಾಗಿ ಹೆಚ್ಚು ಪರಿಚಿತರು. ಅವರ ಹೆಸರಿರುವ ಒಳ್ಳೆಯ ವಿಜ್ಞಾನ ಬರಹಗಳಲ್ಲಿ ಕೆಲವು ಈ ಬೆಟ್ಟದ ನೆಲ್ಲಿ ಮರದ ಕೆಳಗೆ ಹುಟ್ಟಿದವು. ಬಾವಾ 1996ರಲ್ಲಿ ಬೆಂಗಳೂರಿನಲ್ಲಿ ‘ಏಟ್ರಿ’ ಸಂಸ್ಥೆ ಸ್ಥಾಪಿಸಿದ ಮೇಲೆ ಈ ಕೆಲಸಕ್ಕೆ ಖಾಯಂ ನೆಲೆಯೂ ಸಿಕ್ಕಿತು.

ಅದೇ 1996ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಈ ಬೆಟ್ಟದ ಬಗ್ಗೆ ಮೂರು ಲೇಖನಗಳು ಸಾಲಾಗಿ ಬಂದವು. ಮೊದಲನೆಯದು ಕಾಡಿನ ಉತ್ಪನ್ನದಿಂದ ಮನೆಗೆ ಬರುವ ದುಡ್ಡು ಎಷ್ಟು ಎಂದು ಕೇಳಿತು. ಎರಡನೆಯದು ಕೊಯ್ಲಿನಿಂದ ಕಾಡಿನ ಮರುಹುಟ್ಟಿಗೆ ಏನಾಗುತ್ತಿದೆ ಎಂದು ನೋಡಿತು. ಮೂರನೆಯದು ನೆಲ್ಲಿಗೇ ಮೀಸಲು. ಸೋಲಿಗರ ನಗದು ಆದಾಯದಲ್ಲಿ ಸುಮಾರು ಅರ್ಧ ಕಾಡಿನ ಕಿರು ಉತ್ಪನ್ನದಿಂದಲೇ ಬರುತ್ತದೆ ಎಂಬುದು ಅಂಕಿ ಅಂಶಗಳೊಂದಿಗೆ ಗೊತ್ತಾದದ್ದು ಆಗ. ಅಲ್ಲಿಯವರೆಗೆ ‘ಏನೋ ಅಷ್ಟಿಷ್ಟು ಕಾಯಿ ಕೀಳುತ್ತಾರೆ’ ಎಂಬ ಅಸಡ್ಡೆಯ ಮಾತಿಗೆ ಉತ್ತರ ಇರಲಿಲ್ಲ.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಹೆಜ್ಜೆ. ಸಂಶೋಧಕರು ಅಳೆದುಕೊಂಡು ಹೋಗಿ ಎಲ್ಲೋ ಅಚ್ಚು ಹಾಕಿಸಿ ಸುಮ್ಮನಾಗಲಿಲ್ಲ. ಅಳೆಯುವ ಕೆಲಸಕ್ಕೇ ಕೊಯ್ಲುಗಾರರನ್ನು ಕರೆದರು.

ನೆಲ್ಲಿ ಹಂಗಾಮು ಶುರುವಾಗುವುದು ಚಳಿಗಾಲಕ್ಕೆ, ಹೆಚ್ಚುಕಡಿಮೆ ನಾವು ಉತ್ಥಾನ ದ್ವಾದಶಿಗೆ ತುಳಸಿ ಕಟ್ಟೆಯಲ್ಲಿ ನೆಲ್ಲಿ ಕೊಂಬೆ ನೆಡುವ ಹೊತ್ತಿಗೆ. ಅದಕ್ಕೂ ಮುಂಚೆ ಪೋಡಿನವರೂ ಸಂಶೋಧಕರೂ ಗುರುತು ಮಾಡಿದ ದಾರಿಯಲ್ಲಿ ಕಾಡು ಹೊಗುತ್ತಿದ್ದರು. ಒಂದೊಂದು ಮರದ ಮುಂದೆ ನಿಲ್ಲುತ್ತಿದ್ದರು. ದೊಡ್ಡ ಮರದ ಕಾಯಿಗಳನ್ನು ಒಂದೊಂದಾಗಿ ಎಣಿಸಲು ಯಾರಿಂದಲೂ ಆಗುವುದಿಲ್ಲ. ವಿಜ್ಞಾನದ ಪದ್ಧತಿಯಲ್ಲಿ ಕೆಲವು ಕೊಂಬೆ ಆರಿಸಿ, ಅದರ ಕಾಯಿ ಎಣಿಸಿ, ಇಡೀ ಮರಕ್ಕೆ ಗುಣಿಸುತ್ತಾರೆ. ಸೋಲಿಗರದು ಕಣ್ಣಂದಾಜು. ಕೊಂಬೆ ಎಷ್ಟು ಬಾಗಿದೆ, ಯಾವ ದಿಕ್ಕಿಗೆ ಕಾಯಿ ಹೆಚ್ಚು, ಹೋದ ವರ್ಷ ಇದೇ ಮರ ಎಷ್ಟು ಕೊಟ್ಟಿತ್ತು ಎಂಬುದೆಲ್ಲ ಆ ಅಂದಾಜಿನೊಳಗೆ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಕೊಯ್ಲು ಮುಗಿದ ಮೇಲೆ ಮತ್ತೆ ಸಭೆ. ಸಂಘಕ್ಕೆ ಬಂದ ಕಾಯಿಯ ತೂಕ ಎಷ್ಟು, ಕೊಂಬೆ ಕಡಿದವರು ಇದ್ದಾರೆಯೇ, ಜಿಂಕೆ ಕಾಡುಕುರಿಗಳ ಪಾಲಿಗೆ ಮರದಲ್ಲಿ ಕಾಯಿ ಉಳಿದಿದೆಯೇ, ಬುಡದಲ್ಲಿ ಹೊಸ ಸಸಿ ಇದೆಯೇ. ಜೇನಿಗೂ ಹೀಗೆಯೇ, ಹೆಜ್ಜೇನು ಕಟ್ಟಿದ ಮರ, ಬಂಡೆಗಳ ಲೆಕ್ಕ. ಸಿದ್ದಪ್ಪ ಶೆಟ್ಟಿ, ಬಾವಾ, ಟಮಾರಾ ಟಿಕ್ಟಿನ್ ಮತ್ತು ಸಿ. ಮಾದೇಗೌಡರು ಈ ಪದ್ಧತಿಯನ್ನು ತೂಗಿ ನೋಡಿ 2008ರಲ್ಲಿ ‘ಇಕಾಲಜಿ ಅಂಡ್ ಸೊಸೈಟಿ’ ಪತ್ರಿಕೆಯಲ್ಲಿ ಬರೆದರು. ಕೊಯ್ಯುವವರ ಜ್ಞಾನವನ್ನೂ ಅಳೆಯುವವರ ಪದ್ಧತಿಯನ್ನೂ ಕೂಡಿಸಿ ಕಾಡಿನ ನಿಗಾ ಇಡಬಹುದು ಎಂಬುದು ಅದರ ಒಟ್ಟು ನಿಲುವು. ಮಾದೇಗೌಡರು ಸ್ವತಃ ಸೋಲಿಗರು, ಮುಂದೆ ಡಾಕ್ಟರೇಟ್ ಪಡೆದವರು. ಲೇಖನದ ತಲೆಯಲ್ಲಿ ಅವರ ಹೆಸರಿರುವುದು ಸೌಜನ್ಯಕ್ಕಾಗಿ ಅಲ್ಲ.

ಇಂಥ ಸಭೆಗಳಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಲ್ಲಿ ಮರಗಳು ಒಣಗುತ್ತಿವೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಹೊರಗಿನವರ ಬೆರಳು ಸಹಜವಾಗಿ ಕೊಯ್ಲಿನ ಕಡೆ ತೋರಿಸಿತು. ಸೋಲಿಗರು ತೋರಿಸಿದ್ದು ಮರದ ಮೇಲಿನ ಬಂದಳಿಕೆಯನ್ನು. ಅವರು ಅದನ್ನು ಉಪ್ಪಿಲು ಎನ್ನುತ್ತಾರೆ. ಹಕ್ಕಿಗಳು ಅದರ ಅಂಟು ಬೀಜವನ್ನು ಕೊಂಬೆಗೆ ತಂದು ಹಚ್ಚುತ್ತವೆ, ಅದು ಮರದ ನೀರು ಹೀರಿ ಬೆಳೆಯುತ್ತದೆ, ಕೊನೆಗೆ ಮರವೇ ಸಾಯುತ್ತದೆ. ಹಿಂದೆ ಇದು ಇಷ್ಟಿರಲಿಲ್ಲ ಎಂದರು ಹಿರಿಯರು. ಯಾಕೆ ಎಂದರೆ, ಬೇಸಿಗೆ ಶುರುವಿನಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ ನಿಂತುಹೋಯಿತು. ತರಗೆಲೆ ಮಾತ್ರ ಸುಡುವ, ಮೊಣಕಾಲೆತ್ತರವೂ ಏಳದ ಬೆಂಕಿ. ಅದನ್ನು ಅರಣ್ಯ ಇಲಾಖೆ ನಿಲ್ಲಿಸಿದ ಮೇಲೆ ಉಪ್ಪಿಲೂ ಹೆಚ್ಚಿತು, ಲಂಟಾನ ಎಂಬ ಕಳೆಗಿಡವೂ ನುಗ್ಗಿತು ಎಂಬುದು ಅವರ ವಾದ. ಕಾಡಿಗೆ ಬೆಂಕಿ ಒಳ್ಳೆಯದು ಎಂಬ ಮಾತನ್ನು ಕಚೇರಿಯ ಮೇಜಿನ ಮುಂದೆ ಹೇಳಿದ್ದರೆ ಕೇಸು ಬೀಳುತ್ತಿತ್ತು. ಕೂಟದಲ್ಲಿ ಹೇಳಿದ್ದರಿಂದ ಅದು ಪರೀಕ್ಷಿಸಬಹುದಾದ ಪ್ರಶ್ನೆಯಾಯಿತು. ಲೂಸಿ ರಿಸ್ಟ್ ಮತ್ತು ಸಂಗಡಿಗರು 2010ರಲ್ಲಿ ಇದನ್ನೇ ಮುಖ್ಯವಾಗಿಟ್ಟುಕೊಂಡು ಬರೆದರು. ಭರತ್ ಸುಂದರಂ, ಅಂಕಿಲಾ ಹಿರೇಮಠ ಅವರು ಲಂಟಾನದ ಬಗ್ಗೆ ಸೋಲಿಗರ ತಿಳಿವಳಿಕೆಯನ್ನು ದಾಖಲಿಸಿದರು.

ಈ ಹೊತ್ತಿಗೆ ಬಾಗಿಲು ಮುಚ್ಚಿಯಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ, ಅಭಯಾರಣ್ಯದಿಂದ ಮಾರಾಟಕ್ಕಾಗಿ ಉತ್ಪನ್ನ ತೆಗೆಯುವುದನ್ನು ತಡೆಯಿತು. ನಮ್ಮ ಬೆಟ್ಟದಲ್ಲಿ ಅದು ಹಂತಹಂತವಾಗಿ ಜಾರಿಯಾಗಿ 2006ರ ವೇಳೆಗೆ ಕೊಯ್ಲು ಪೂರ್ತಿ ನಿಂತಿತು. ಕೊಯ್ಲೇ ಇಲ್ಲ ಎಂದ ಮೇಲೆ ಕೊಯ್ಲಿಗೆ ಮುಂಚಿನ ಸಭೆ ಯಾಕೆ, ಕೊಯ್ಲಿನ ನಂತರದ ಲೆಕ್ಕ ಯಾಕೆ? ಕಾನೂನಿನ ಉದ್ದೇಶ ಕಾಡು ಉಳಿಸುವುದು. ಆದರೆ ಕಾಡನ್ನು ಪ್ರತಿ ವರ್ಷ ಮರ ಮರವಾಗಿ ನೋಡುತ್ತಿದ್ದ ನೂರಾರು ಕಣ್ಣುಗಳನ್ನು ಅದೇ ಕಾನೂನು ಮನೆಗೆ ಕಳಿಸಿತು. ನಿಷೇಧ ಹೇರುವ ಮುಂಚೆ ಈ ಲೆಕ್ಕದ ಪುಸ್ತಕಗಳನ್ನು ತೆರೆದು ನೋಡಿದ್ದರೆ ಬೇರೆಯದೇ ತೀರ್ಮಾನ ಬರುತ್ತಿತ್ತು ಎಂಬುದು ನನ್ನ ದೃಢವಾದ ನಂಬಿಕೆ.

ನಂಬಿಕೆಗೆ ಆಧಾರವಿದೆ. ಕೂಟ ಚದುರಿದರೂ ಸಂಶೋಧಕರು ತಾವು ಗುರುತು ಹಾಕಿದ್ದ ತಾಕುಗಳನ್ನು ಬಿಟ್ಟುಕೊಡಲಿಲ್ಲ. 1997ರಲ್ಲಿ ಬೆಟ್ಟದ ಉದ್ದಗಲಕ್ಕೆ ತಾಕುಗಳನ್ನು ಹಾಕಿ ಗಿಡಮರ ಎಣಿಸಲಾಗಿತ್ತು. 2008ರಲ್ಲಿ ಅದೇ ಜಾಗಗಳಿಗೆ ಮತ್ತೆ ಹೋಗಿ ಎಣಿಸಿದರು. ಮೊದಲ ಸಲ 100ರಲ್ಲಿ 41 ತಾಕುಗಳಲ್ಲಿ ಲಂಟಾನ ಇತ್ತು, ಎರಡನೇ ಸಲ 81ರಲ್ಲಿ. ಹನ್ನೊಂದು ವರ್ಷದಲ್ಲಿ ಎರಡರಷ್ಟು. 1997ರ ನೋಟ್‌ಪುಸ್ತಕಗಳು ಯಾವುದೋ ಬೀರುವಿನಲ್ಲಿ ಗೆದ್ದಲು ಹಿಡಿದಿದ್ದರೆ ನಮಗೆ ಸಿಗುತ್ತಿದ್ದದ್ದು ಒಂದೇ ಅಂಕಿ, ಅದರಿಂದ ಏನೂ ಹೇಳಲು ಬರುತ್ತಿರಲಿಲ್ಲ. ಇನ್ನು ನೆಲ್ಲಿಯ ವಿಚಾರ: ಟಿಕ್ಟಿನ್, ಆರ್. ಗಣೇಶನ್, ಪರಮೇಶ ಮತ್ತು ಸಿದ್ದಪ್ಪ ಶೆಟ್ಟಿ ಸುಮಾರು ಹತ್ತು ವರ್ಷದ ಅಳತೆಗಳನ್ನು ಕೂಡಿಸಿ 2012ರಲ್ಲಿ ಪ್ರಕಟಿಸಿದರು. ಎರಡು ಜಾತಿಯ ನೆಲ್ಲಿಯೂ ಇಳಿಮುಖವಾಗಿವೆ, ಕಾಯಿ ಕೀಳುವುದನ್ನು ನಿಲ್ಲಿಸಿದ ಮಾತ್ರಕ್ಕೆ ಅವು ಚೇತರಿಸಿಕೊಳ್ಳುವುದಿಲ್ಲ, ಬಂದಳಿಕೆ, ಲಂಟಾನ, ಬೆಂಕಿಯ ನಿರ್ವಹಣೆ ಇವುಗಳನ್ನು ಒಟ್ಟಿಗೆ ನೋಡಬೇಕು ಎಂಬುದು ಅದರ ಸಾರ. ಅಂದರೆ ಪೋಡಿನ ಹಿರಿಯರು ಬೆರಳು ತೋರಿಸಿದ್ದ ದಿಕ್ಕೇ. ನಿಷೇಧ ಮಾತ್ರ ಬೇರೆ ಕಡೆ ಗುರಿಯಿಟ್ಟಿತ್ತು.

ವಿಜ್ಞಾನಿಗಳ ಕೂಟ ಮುಚ್ಚುವುದು ಹೊಸ ಸಂಗತಿ ಏನಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಯುರೋಪಿನ ಮೂಲೆಮೂಲೆಯ ಪಂಡಿತರಿಗೆ ಕಾಗದ ಬರೆದು, ಬಂದ ಉತ್ತರಗಳನ್ನು ಒಟ್ಟು ಮಾಡಿ 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಶುರು ಮಾಡಿದ. ಅವನು 1677ರಲ್ಲಿ ತೀರಿಕೊಂಡದ್ದೇ ತಡ, ಪತ್ರಿಕೆ ಮುಗ್ಗರಿಸಿತು. ಕೆಲ ಕಾಲ ಅಚ್ಚೇ ಆಗಲಿಲ್ಲ. 1683ರಲ್ಲಿ ಮತ್ತೆ ಎದ್ದದ್ದರಿಂದ ಇವತ್ತಿಗೂ ಬದುಕಿದೆ. ನಮ್ಮಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಕೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ವಿಜ್ಞಾನಿಗಳು ಕನ್ನಡದಲ್ಲಿ ಬರೆದು ಕನ್ನಡಿಗರೊಡನೆ ಮಾತಾಡುವ ಜಾಗ ಅದು. ಎರಡೇ ವರ್ಷಕ್ಕೆ ನಿಂತಿತು. ಒಬ್ಬಿಬ್ಬರ ಹೆಗಲ ಮೇಲೆ ನಿಂತ ಕೆಲಸಕ್ಕೆಲ್ಲ ಇದೇ ಗಂಡಾಂತರ.

ನಮ್ಮ ಸೀಮೆಗೆ ಇನ್ನೊಂದು ತೊಡಕೂ ಇದೆ. ಬೆಟ್ಟ ಒಂದೇ ಆದರೂ ಅದರ ಕಾಗದಪತ್ರ ಒಂದು ಕಡೆ ಇಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಬಂದ ಜಹಗೀರು. ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು, 1956ರ ನವೆಂಬರ್ ಒಂದರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಉಳಿದದ್ದು ಮೈಸೂರು. ಹಳೆಯ ಕಾಡಿನ ಸ್ಥಿತಿ ಹೇಗಿತ್ತು ಎಂದು ತಿಳಿಯಹೊರಟವರು ಮೂರು ಆಡಳಿತದ ಕಡತ ಹುಡುಕಬೇಕು. ಹೊನ್ನಮೇಟಿಯ ಕಾಫಿ ತೋಟದ ಆರ್.ಸಿ. ಮಾರಿಸ್ ಇಲ್ಲಿನ ಕಾಟಿ, ಆನೆ, ಹಕ್ಕಿಗಳ ಬಗ್ಗೆ ಕಂಡದ್ದನ್ನೆಲ್ಲ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆದು ಕಳಿಸುತ್ತಿದ್ದರು. ಅವರ ಟಿಪ್ಪಣಿಗಳು ಉಳಿದದ್ದು ಆ ಪತ್ರಿಕೆ 1886ರಿಂದ ನಿಲ್ಲದೆ ಬಂದ ಕಾರಣ. ಅದೇ ಕಾಲಕ್ಕೆ ಅದೇ ಕಾಡಿನಲ್ಲಿ ಅದಕ್ಕಿಂತ ಹೆಚ್ಚು ಕಂಡಿದ್ದ ಸೋಲಿಗರ ಮಾತು ಬರೆದಿಟ್ಟವರು ಇಲ್ಲ. ಭೀಮರಾಜ ಹಕ್ಕಿ ಬೇರೆ ಹಕ್ಕಿಗಳ ದನಿ ಅನುಕರಿಸುವುದನ್ನು ಸಮೀರಾ ಅಗ್ನಿಹೋತ್ರಿ ಈ ಬೆಟ್ಟದಲ್ಲಿ ಅಧ್ಯಯನ ಮಾಡಿದಾಗ ಜೊತೆಗಿದ್ದವರು ಸೋಲಿಗರೇ. ಇಲ್ಲಿ ಸಿಕ್ಕ ಕಣಜದ ಹೊಸ ಕುಲಕ್ಕೆ ಏಟ್ರಿಯ ಸಂಶೋಧಕರು ‘ಸೋಲಿಗ’ ಎಂದೇ ಹೆಸರಿಟ್ಟರು. ಗೌರವ ಒಳ್ಳೆಯದು. ಲೆಕ್ಕದ ಪುಸ್ತಕದ ಪ್ರತಿ ಪೋಡಿನಲ್ಲಿ ಇರುವುದು ಅದಕ್ಕಿಂತ ಒಳ್ಳೆಯದು.

ನಿಲ್ಲದೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪಕ್ಕದ ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ತಂಡ 1988ರಲ್ಲಿ 50 ಹೆಕ್ಟೇರ್ ಕಾಡಿನ ಮರಗಳಿಗೆ ಗುರುತು ಹಾಕಿ ವರ್ಷವರ್ಷ ಎಣಿಸುವುದನ್ನು ರೂಢಿ ಮಾಡಿದರು. ಬರ ಬಂದಾಗ, ಬೆಂಕಿ ಬಿದ್ದಾಗ ಒಣ ಕಾಡು ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿದರೆ ಇವತ್ತು ಅಲ್ಲಿನ ಪಟ್ಟಿ ಉತ್ತರ ಹೇಳುತ್ತದೆ.

ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ಸೋಲಿಗರು. ಕಿರು ಉತ್ಪನ್ನ ತೆಗೆದು ಮಾರುವ ಹಕ್ಕಿನ ಜೊತೆಗೆ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನೂ ಆ ಕಾಯ್ದೆ ಗ್ರಾಮಸಭೆಗೇ ಕೊಡುತ್ತದೆ. ಲೆಕ್ಕ ಇಡುವ ಕೆಲಸ ಇನ್ನು ಯಾವ ಯೋಜನೆಯ ಅವಧಿಗೂ, ಯಾವ ವಿದೇಶಿ ಅನುದಾನಕ್ಕೂ ಕಾಯಬೇಕಾದದ್ದಿಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲೂ ಸೋಲಿಗರಿದ್ದಾರೆ, ಲಂಟಾನವೂ ಇದೆ. ಅಲ್ಲಿ ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವ ಕಸುಬನ್ನು ಏಟ್ರಿ ಕಲಿಸಿತು. ಎಷ್ಟು ಕಡಿದರೆ ಎಷ್ಟು ಮತ್ತೆ ಚಿಗುರುತ್ತದೆ, ತೆರವಾದ ಜಾಗದಲ್ಲಿ ಹುಲ್ಲು ಏಳುತ್ತದೆಯೇ ಎಂಬ ಪಟ್ಟಿಯನ್ನು ಕಡಿಯುವವರೇ ಇಟ್ಟುಕೊಂಡರೆ ಅದೂ ವಿಜ್ಞಾನವೇ.

ಇದಕ್ಕೆ ಹೊಸ ಕಾನೂನು ಬೇಡ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸಬೇಕು. ಒಮ್ಮೆ ತುಂಬಿಸಿ ಕೈತೊಳೆದುಕೊಳ್ಳುವ ನಮೂನೆಯಂತೆ ಅದನ್ನು ನೋಡಿದರೆ ಪ್ರಯೋಜನವಿಲ್ಲ. ನೆಲ್ಲಿ, ಜೇನು, ಲಂಟಾನ ಈ ಮೂರರ ವಾರ್ಷಿಕ ಲೆಕ್ಕಕ್ಕೆ ಅದರಲ್ಲಿ ನಾಲ್ಕು ಹಾಳೆ ಮೀಸಲಿಟ್ಟರೆ ಸಾಕು. ಯಳಂದೂರು, ಕೊಳ್ಳೇಗಾಲ, ಹನೂರಿನ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರಲ್ಲಿ ಪೋಡಿನಿಂದ ಬಂದವರೂ ಇದ್ದಾರೆ. ಹಂಗಾಮಿಗೆ ಮುಂಚೆ ಒಮ್ಮೆ, ಹಂಗಾಮು ಮುಗಿದ ಮೇಲೆ ಒಮ್ಮೆ ಅವರನ್ನು ಹಿರಿಯರ ಜೊತೆ ಕಾಡಿಗೆ ಕಳಿಸಿ. ಬೆಂಗಳೂರಿನ ಸಂಸ್ಥೆಗಳಿಗೂ ಒಂದು ವಿನಂತಿ: 1990ರ ದಶಕದಿಂದ ಈ ಬೆಟ್ಟದಲ್ಲಿ ಅಳೆದ ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಆ 25 ಗ್ರಾಮಸಭೆಗಳಿಗೂ ಒಂದೊಂದು ಪ್ರತಿ ಕೊಡಿ. ಸಂಶೋಧಕರು ಬದಲಾಗುತ್ತಾರೆ, ಅನುದಾನ ಮುಗಿಯುತ್ತದೆ, ಆದೇಶಗಳು ಬರುತ್ತವೆ ಹೋಗುತ್ತವೆ. ಪ್ರತಿ ಪೋಡಿನಲ್ಲಿದ್ದರೆ ಮುಂದಿನ ಎಣಿಕೆಯನ್ನು ಪೋಡಿನವರೇ ಶುರು ಮಾಡಬಹುದು.